ಚಿಯಾಂಗ್ ಮಾಯ್‌ನ ಹೊಗೆ ತಿಂಗಳುಗಳು: ಒಂದು ಕೋಣೆ ಉಳಿಸಿಕೊಂಡ ಬಗೆ

ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಪ್ರವಾಸ ಬರುವವರು ಹೆಚ್ಚಾಗಿ ನೋಡುವುದು ಡಿಸೆಂಬರಿನ ಊರನ್ನು. ತಿಳಿ ಆಕಾಶ, ಬೆಳಗಿನ ಚಳಿ, ಪಡುವಣಕ್ಕೆ 1,676 ಮೀಟರ್ ಎತ್ತರದ ದೊಯ್ ಸುತೇಪ್. ಇಲ್ಲೇ ಸಂಸಾರ ಹೂಡಿರುವ ನಮಗೆ ಇನ್ನೊಂದು ಊರೂ ಗೊತ್ತು. ಫೆಬ್ರವರಿಯಲ್ಲಿ ಆ ಬೆಟ್ಟ ಮಸುಕಾಗುತ್ತದೆ, ಮಾರ್ಚಿನಲ್ಲಿ ಎಷ್ಟೋ ದಿನ ಕಾಣುವುದೇ ಇಲ್ಲ. 2023ರ ಮಾರ್ಚಿನಲ್ಲಂತೂ ಜಗತ್ತಿನ ಅತಿ ಕೆಟ್ಟ ಗಾಳಿಯ ನಗರಗಳ ಪಟ್ಟಿಯಲ್ಲಿ ನಮ್ಮೂರು ಮೊದಲ ಸ್ಥಾನಕ್ಕೂ ಏರಿತ್ತು.

ಊರಿರುವುದು ಪಿಂಗ್ ನದಿಯ ಕಣಿವೆಯಲ್ಲಿ. ಒಣಗಾಲದಲ್ಲಿ ಗಾಳಿ ಬೀಸುವುದೇ ಕಡಿಮೆ. ರಾತ್ರಿ ನೆಲದ ಹತ್ತಿರ ತಣ್ಣನೆಯ ಗಾಳಿ ಕೂತು, ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಿಕೊಂಡರೆ ಹೊಗೆಗೆ ಮೇಲೇಳಲು ದಾರಿ ಇಲ್ಲ. ಆ ಹೊಗೆ ಬರುವುದು ಎಲೆಯುದುರುವ ಕಾಡಿನ ತರಗಿನ ಬೆಂಕಿಯಿಂದ, ಇಳಿಜಾರಿನ ಮೆಕ್ಕೆಜೋಳದ ಹೊಲಗಳಲ್ಲಿ ಕಡ್ಡಿ ಸುಡುವುದರಿಂದ, ಜೊತೆಗೆ ಗಡಿಯಾಚೆಯ ಮ್ಯಾನ್ಮಾರ್, ಲಾವೋಸ್‌ಗಳಿಂದ. ಮೆಕ್ಕೆಜೋಳದ ಬಹುಪಾಲು ಹೋಗುವುದು ಕೋಳಿ, ಹಂದಿಗಳ ಮೇವಿಗೆ. ಪೇಟೆಯವರು ಬೆಟ್ಟದವರನ್ನು ಬೈಯುತ್ತಾರೆ, ಕೋಳಿ ಊಟ ಮಾಡುತ್ತಲೇ!

ನಾನು ಮೊದಲು ಕೊಂಡದ್ದು ಏರ್ ಪ್ಯೂರಿಫೈಯರ್ ಅಲ್ಲ, ಪಿಎಂ 2.5, ಅಂದರೆ ಗಾಳಿಯಲ್ಲಿ ತೇಲುವ ಅತಿ ಸಣ್ಣ ಕಣಗಳ ಪ್ರಮಾಣ ತೋರಿಸುವ ಪುಟ್ಟ ಮೀಟರ್. ಕಣ್ಣು, ಮೂಗು ಎರಡನ್ನೂ ನೆಚ್ಚಿಕೊಳ್ಳುವಂತಿಲ್ಲ. ಪ್ಯೂರಿಫೈಯರಿನೊಳಗೆ ಗಾಳಿ ಸೋಸುವ ಹೆಪಾ ಫಿಲ್ಟರ್ ಇಂಥ ಕಣಗಳನ್ನು ಹಿಡಿಯುತ್ತದೆಯೇ ಹೊರತು ಅನಿಲವನ್ನಲ್ಲ. ಹಾಗಾಗಿ ಸುಟ್ಟ ವಾಸನೆ ಇದ್ದರೂ ಗಾಳಿ ಚೆನ್ನಾಗಿರಬಹುದು, ವಾಸನೆ ಇಲ್ಲದೆಯೂ ಕೆಟ್ಟಿರಬಹುದು. ಅಂಕಿ ಓದಲು ಒಂದು ಅಳತೆಗೋಲು ಬೇಕು. ಘನ ಮೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದಲ್ಲಿ, 24 ಗಂಟೆಯ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 15, ಥಾಯ್ಲೆಂಡಿನದು 37.5, ಭಾರತದ್ದು 60. ಇಲ್ಲಿ ಕೆಟ್ಟ ದಿನ ಅಂದರೆ ನೂರು ದಾಟಿದ್ದು. ಹೊರಗಿನ ಅಂಕಿಗೆ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಡಸ್ಟ್‌ಬಾಯ್ ಮಾಪಕಗಳನ್ನು ನೋಡುತ್ತೇನೆ. ಬೆಂಕಿ ಯಾವ ದಿಕ್ಕಿನಲ್ಲಿದೆ ಎಂದು ತಿಳಿಯಲು ನಾಸಾದ ಉಪಗ್ರಹ ನಕ್ಷೆ ಇದೆ.

ನಮ್ಮದು ಬಾಡಿಗೆಗೆ ಹಿಡಿದ ಹಳೆಯ ಮನೆ, ಅರ್ಧದಷ್ಟು ಮರದ್ದು. ಹಲಗೆ ಹಲಗೆಯ ನಡುವೆ ಸಂದು, ಕಿಟಕಿಗೆ ಗಾಜಿನ ಪಟ್ಟಿಗಳು. ಇಂಥ ಮನೆಯನ್ನು ಪೂರ್ತಿ ಮುಚ್ಚುತ್ತೇನೆಂದು ಹೊರಟರೆ ದುಡ್ಡೂ ಹೋಗುತ್ತದೆ, ಹೊಗೆಯೂ ನಿಲ್ಲುವುದಿಲ್ಲ. ಮಲಗುವ ಕೋಣೆ ಒಂದನ್ನೇ ಹಿಡಿದುಕೊಂಡೆವು. ಕಿಟಕಿಗೆ ಒಳಗಿನಿಂದ ದಪ್ಪ ಪ್ಲಾಸ್ಟಿಕ್ ಹಾಳೆ, ಸುತ್ತ ಟೇಪು. ಬಾಗಿಲ ಚೌಕಟ್ಟಿಗೆ ಫೋಮ್ ಪಟ್ಟಿ, ಕೆಳಗಿನ ಸಂದಿಗೆ ಸುತ್ತಿದ ಹಳೇ ಪಂಚೆ.

ಪ್ಯೂರಿಫೈಯರ್ ಕೊಳ್ಳುವಾಗ ಡಬ್ಬದ ಮೇಲೆ ಬರೆದ ಚದರ ಮೀಟರ್ ನಂಬಬೇಡಿ, ನೀವೇ ಗುಣಿಸಿ. ನಮ್ಮ ಕೋಣೆ 4 ಮೀಟರ್ ಉದ್ದ, 3.5 ಅಗಲ, 2.7 ಎತ್ತರ, ಅಂದರೆ ಸುಮಾರು 38 ಘನ ಮೀಟರ್. ಗಂಟೆಗೆ ಐದು ಸಲ ಅಷ್ಟೂ ಗಾಳಿ ಸೋಸಬೇಕೆಂದರೆ 190 ಘನ ಮೀಟರ್ ಸಾಮರ್ಥ್ಯ ಬೇಕು. ಆದರೆ ಆ ಸಾಮರ್ಥ್ಯ ಸಿಗುವುದು ಫ್ಯಾನ್ ಜೋರಾಗಿ ತಿರುಗಿದಾಗ, ಆ ಸದ್ದಿಗೆ ಮಗು ಮಲಗುವುದಿಲ್ಲ. ಆದ್ದರಿಂದ ಎರಡರಷ್ಟು ಶಕ್ತಿಯದ್ದನ್ನು ತಂದು ನಿಧಾನ ವೇಗದಲ್ಲಿ ಓಡಿಸುತ್ತೇವೆ. ಎಸಿ ಹಾಕಿದರೆ ಗಾಳಿ ಶುದ್ಧವಾಗುತ್ತದೆ ಎನ್ನುವವರು ಇಲ್ಲೂ ಇದ್ದಾರೆ. ಎಸಿಯ ಜಾಲರಿ ಕೂದಲು, ದೊಡ್ಡ ಧೂಳು ಹಿಡಿದೀತು, ಇಷ್ಟು ಸಣ್ಣ ಕಣ ಅದಕ್ಕೆ ಸಿಕ್ಕುವುದಿಲ್ಲ.

ಮುಚ್ಚಿದ ಕೋಣೆಯಲ್ಲಿ ಮೂವರು ಮಲಗಿದರೆ ಬೆಳಿಗ್ಗೆ ತಲೆ ಭಾರ. ಇಂಗಾಲದ ಡೈ ಆಕ್ಸೈಡ್ ಏರುತ್ತದಲ್ಲ! ಅದಕ್ಕೆ ಕಿಟಕಿಯ ಒಂದು ಮೂಲೆಗೆ ಹಲಗೆ ಕೂರಿಸಿ, ರಂಧ್ರ ಕೊರೆದು, ಸಣ್ಣ ಫ್ಯಾನಿಗೆ ಹೆಪಾ ಫಿಲ್ಟರ್ ಜೋಡಿಸಿ ಹೊರಗಿನ ಗಾಳಿಯನ್ನು ಸೋಸಿಯೇ ಒಳಗೆ ತಳ್ಳುತ್ತೇನೆ. ಇದರಿಂದ ಇನ್ನೊಂದು ಲಾಭ. ಒಳಗಿನ ಒತ್ತಡ ತುಸು ಹೆಚ್ಚಿರುವುದರಿಂದ ಉಳಿದ ಸಂದುಗಳಲ್ಲಿ ಗಾಳಿ ಹೊರಕ್ಕೆ ಹೋಗುತ್ತದೆ, ಹೊಗೆ ಒಳಕ್ಕೆ ನುಗ್ಗುವುದಿಲ್ಲ. ಇಷ್ಟೆಲ್ಲ ಸಾಹಸದಲ್ಲಿ ನನಗೆ ಅತಿ ಹೆಚ್ಚು ಫಲ ಕೊಟ್ಟದ್ದು ಈ ಅಗ್ಗದ ಫ್ಯಾನೇ.

ಅಡುಗೆಮನೆಯಲ್ಲಿ ಎಕ್ಸಾಸ್ಟ್ ಫ್ಯಾನ್ ಮಾಡುವುದು ಇದಕ್ಕೆ ತದ್ವಿರುದ್ಧ. ಅದು ಒಳಗಿನ ಗಾಳಿ ಹೊರಗೆ ಹಾಕಿದಷ್ಟೂ ಸಂದುಗಳಿಂದ ಹೊಗೆ ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ಹಾಕದೆ ಒಗ್ಗರಣೆ ಕೊಟ್ಟರೋ, ಸಾಸಿವೆ ಸಿಡಿಯುವಷ್ಟರಲ್ಲಿ ಮೀಟರ್ ಹಾರುತ್ತದೆ. ದೇವರ ಮುಂದಿನ ಊದುಬತ್ತಿಯದೂ ಅದೇ ಕಥೆ. ಮನೆಯವಳ ಜೊತೆ ಒಪ್ಪಂದ ಆದದ್ದು ಹೀಗೆ: ಮಾರ್ಚ್ ಮುಗಿಯುವವರೆಗೆ ಊದುಬತ್ತಿ ಇಲ್ಲ, ಹೂವು ಸಾಕು. ಅಡುಗೆಯ ಹೊತ್ತಿಗೆ ಕೋಣೆಯ ಬಾಗಿಲು ಹಾಕಿರಬೇಕು. ಒಗ್ಗರಣೆ ಬಿಡುವ ಮಾತಿಗೆ ಅವಳು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ.

ಬಿಸಿಲೇರಿ ಗಾಳಿ ಕಲಕಿದ ಮೇಲೆ, ಮಧ್ಯಾಹ್ನದ ಹೊತ್ತಿಗೆ, ಹೊರಗಿನ ಅಂಕಿ ಸಾಮಾನ್ಯವಾಗಿ ಇಳಿಯುತ್ತದೆ. ಬಟ್ಟೆ ಒಣಗಿಸುವುದು, ಸಂತೆ, ಮಗುವಿನ ಆಟ ಎಲ್ಲ ಆಗಲೇ. ಬೆಳಗಿನ ವಾಕಿಂಗ್ ಬಂದ್. ಮಾಸ್ಕ್ ಹಾಕುವುದಾದರೆ ಎನ್95, ಮೂಗಿನ ಪಕ್ಕ ಸಂದು ಉಳಿಯದಂತೆ. ಬಟ್ಟೆಯ ಮಾಸ್ಕ್ ಈ ಕೆಲಸಕ್ಕಲ್ಲ.

ಏಪ್ರಿಲ್ 13ರ ಸಾಂಗ್‌ಕ್ರಾನ್ ಹಬ್ಬಕ್ಕೆ ಊರೆಲ್ಲ ನೀರೆರಚಿಕೊಂಡರೂ ಗಾಳಿ ಪೂರ್ತಿ ತೊಳೆಯುವುದು ಮೇ ತಿಂಗಳ ಮಳೆಯೇ. ಆಗ ಟೇಪು ಕೀಳುತ್ತೇವೆ, ಕಪ್ಪಾದ ಫಿಲ್ಟರ್ ಎಸೆಯುತ್ತೇವೆ. ಮುಂದಿನ ವರ್ಷದ್ದನ್ನು ಅಕ್ಟೋಬರಿನಲ್ಲೇ ತಂದಿಡುವುದು ಒಳ್ಳೆಯದು, ಮಾರ್ಚಿನಲ್ಲಿ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಬೆಂಗಳೂರಿನಿಂದ ಬರಬೇಕೆಂದಿರುವ ನೆಂಟರಿಗೂ ನಾನು ಹೇಳುವುದಿಷ್ಟೇ: ಟಿಕೆಟ್ ಎಷ್ಟೇ ಅಗ್ಗವಿರಲಿ, ಮಾರ್ಚಿಗೆ ಬುಕ್ ಮಾಡಬೇಡಿ.