ಕಮ್ಯುನಿಟಿ ಟೆಕ್ ಕಾನ್ಫರೆನ್ಸ್‌ಗೆ ಟಿಕೆಟ್ ರೇಟ್ ಇಡೋದು: ನಾನು ಹಾಕೋ ಲೆಕ್ಕ

ಸಂಬಳ ಇಲ್ದೇ ವೀಕೆಂಡ್‌ಗಳಲ್ಲಿ ಕೂತು ಕಾನ್ಫರೆನ್ಸ್ ಕಟ್ಟೋ ತಂಡಗಳಲ್ಲಿ ಟಿಕೆಟ್ ರೇಟ್ ಮಾತು ಬಂತು ಅಂದ್ರೆ ಮೀಟಿಂಗ್ ಮುಗಿಯೋದೇ ಇಲ್ಲ. ಒಬ್ರು ಫ್ರೀ ಮಾಡಿಬಿಡೋಣ ಅಂತಾರೆ, ಇನ್ನೊಬ್ರು ಹೋದ್ಸಲದಷ್ಟೇ ಇರ್ಲಿ ಅಂತಾರೆ, ಮತ್ತೊಬ್ರು ಬೇರೆ ಯಾವ್ದೋ ಕಾನ್ಫರೆನ್ಸ್ ರೇಟ್ ನೋಡ್ಕೊಂಡು ಬಂದು ಅದಕ್ಕಿಂತ ಚೂರು ಕಮ್ಮಿ ಇಡೋಣ ಅಂತಾರೆ. ಹಣಕಾಸು ನನ್ನ ಕೈಗೆ ಬಂದ್ಮೇಲೆ ನಾನು ಈ ಚರ್ಚೆಗೆ ಕೂರೋದನ್ನೇ ಬಿಟ್ಟೆ. ಮೊದಲು ಸ್ಪ್ರೆಡ್‌ಶೀಟ್ ತೆಗೀತೀನಿ, ಅದ್ರಲ್ಲಿ ಎಷ್ಟು ಅನ್ನೋ ಕಾಲಮ್‌ಗಿಂತ ಮುಂಚೆ ದುಡ್ಡು ಯಾರ ಜೇಬಿಂದ ಬರುತ್ತೆ ಅನ್ನೋ ಕಾಲಮ್ ಇರುತ್ತೆ.

ಖರ್ಚಲ್ಲಿ ಎರಡು ಜಾತಿ. ಹಾಲ್ ಬಾಡಿಗೆ, ಸೌಂಡು, ವಿಡಿಯೋ ರೆಕಾರ್ಡಿಂಗ್, ಇನ್ಶೂರೆನ್ಸ್ ಇವೆಲ್ಲ 50 ಜನ ಬಂದ್ರೂ ಅಷ್ಟೇ, 500 ಜನ ಬಂದ್ರೂ ಅಷ್ಟೇ. ಊಟ, ಬ್ಯಾಡ್ಜ್, ಟೀ ಶರ್ಟ್ ತಲೆಗೆ ಇಷ್ಟು ಅಂತ ಬೀಳುತ್ತೆ. ನಾನು ಪಾಲಿಸೋದು ಒಂದೇ ರೂಲು: ತಲಾ ಖರ್ಚು ಟಿಕೆಟ್ಟಿಂದಲೇ ಹುಟ್ಟಬೇಕು, ಫಿಕ್ಸೆಡ್ ಖರ್ಚು ಸ್ಪಾನ್ಸರ್ ಮೇಲೆ ಹೋಗ್ಬೇಕು. ಯಾಕಂದ್ರೆ ತಲಾ ಖರ್ಚಿಗೂ ಸ್ಪಾನ್ಸರ್ ದುಡ್ಡೇ ಹಾಕ್ತಾ ಹೋದ್ರೆ ಜನ ಜಾಸ್ತಿ ಬಂದಷ್ಟೂ ನಷ್ಟ, ಆಮೇಲೆ ರಿಜಿಸ್ಟ್ರೇಷನ್ ಏರೋದು ನೋಡಿ ಖುಷಿ ಪಡೋ ಬದ್ಲು ಹೆದ್ರಿಕೊಂಡು ಕೂರ್ಬೇಕಾಗುತ್ತೆ.

ಒಂದು ಉದಾಹರಣೆ ಹಾಕ್ತೀನಿ, ಯಾವ ಕರೆನ್ಸಿ ಬೇಕಾದ್ರೂ ಅನ್ಕೊಳ್ಳಿ. ತಲಾ ಖರ್ಚು 100, ಫಿಕ್ಸೆಡ್ 20,000, ಬರೋರು 300 ಜನ. ಫಿಕ್ಸೆಡ್ಡು ಸ್ಪಾನ್ಸರ್ ಕೊಟ್ರು ಅಂತಿಟ್ಕೊಳ್ಳಿ. ಉಳಿದಿದ್ದು 30,000, ಅಂದ್ರೆ ಟಿಕೆಟ್ 100 ಇಟ್ರೆ ಸರಿಹೋಯ್ತು ಅನ್ಸುತ್ತೆ ಅಲ್ವಾ? ಹೋಗಲ್ಲ. ಸ್ಪೀಕರ್‌ಗಳು, ಸಹಾಯಧನದಲ್ಲಿ ಬರೋರು ಸೇರಿ 30 ಜನ ದುಡ್ಡು ಕೊಡಲ್ಲ. 60 ಸ್ಟೂಡೆಂಟ್ಸು, ಅವರ ಹತ್ರ 40ಕ್ಕಿಂತ ಜಾಸ್ತಿ ಕೇಳೋಕೆ ಮನಸ್ಸು ಬರಲ್ಲ. ಬಾಕಿ 210 ಜನ ತಲಾ 100 ಕೊಟ್ರೂ ಒಟ್ಟು 23,400, ಅಂದ್ರೆ 6,600 ಖೋತಾ, ಪೇಮೆಂಟ್ ಗೇಟ್‌ವೇ ಫೀಸ್ (ಆನ್‌ಲೈನಲ್ಲಿ ದುಡ್ಡು ತಗೊಳ್ಳೋ ಸರ್ವಿಸ್‌ನೋರು ಹಿಡ್ಕೊಳ್ಳೋ ಪಾಲು) ಇನ್ನೂ ಕಳೆದಿಲ್ಲ.

ಈಗ ಆ 210 ಜನರಲ್ಲಿ 90 ಜನಕ್ಕೆ ಅವರ ಕಂಪನಿನೇ ದುಡ್ಡು ಕೊಡೋದು ಅಂತ ಗೊತ್ತಿದ್ರೆ ಅವರಿಗೆ 200 ಇಡಿ. 120 ಜನ ಸ್ವಂತ ದುಡ್ಡಲ್ಲಿ ಬರೋರಿಂದ 12,000, ಕಂಪನಿಯೋರಿಂದ 18,000, ಸ್ಟೂಡೆಂಟ್ಸಿಂದ 2,400, ಒಟ್ಟು 32,400. ಗೇಟ್‌ವೇ 3% ಅಂದ್ರೆ 972 ಹೋಯ್ತು, ಊಟ ಗೀಟ 30,000 ಹೋಯ್ತು, 1,428 ಉಳೀತು. ಸ್ವಂತ ಜೇಬಿಂದ ಕೊಡೋರಿಗೆ ಒಂದು ಪೈಸೆನೂ ಏರಿಸ್ಲಿಲ್ಲ ನೋಡಿ.

ಆದ್ರೆ ಆ 1,428 ಎಷ್ಟು ತೆಳು ಅಂದ್ರೆ, ಕಂಪನಿಯವರಲ್ಲಿ ಬರೀ 20 ಜನ 100ರ ವೈಯಕ್ತಿಕ ಟಿಕೆಟ್ ತಗೊಂಡ್ರೆ 2,000 ಹೋಯ್ತು, ಅಲ್ಲಿಗೆ ಮತ್ತೆ ಮೈನಸ್. ಹಾಗಾಗಿ ಈ ಎರಡು ಟಿಕೆಟ್ ಮಧ್ಯೆ ಬೇಲಿ ಗಟ್ಟಿಯಾಗಿರ್ಬೇಕು. ಜನರ ಆತ್ಮಸಾಕ್ಷಿ ನಂಬ್ಕೊಂಡ್ರೆ ಒಂದಷ್ಟು ಮಟ್ಟಿಗೆ ನಡೆಯುತ್ತೆ, ನಾನು ಅದರ ಜೊತೆ ಇನ್‌ವಾಯ್ಸನ್ನೂ ಇಟ್ಟೆ. ಕಂಪನಿ ಹೆಸರು, ಟ್ಯಾಕ್ಸ್ ನಂಬರ್ ಇರೋ ಇನ್‌ವಾಯ್ಸ್ ಬೇಕಾದ್ರೆ ಕಂಪನಿ ಟಿಕೆಟ್ಟೇ ತಗೋಬೇಕು, ವೈಯಕ್ತಿಕ ಟಿಕೆಟ್‌ಗೆ ವ್ಯಕ್ತಿ ಹೆಸರಲ್ಲಿ ರಸೀದಿ ಮಾತ್ರ. ಆಫೀಸಿಂದ ದುಡ್ಡು ವಾಪಸ್ ತಗೊಳ್ಳೋರಿಗೆ ಅಕೌಂಟ್ಸ್‌ನೋರು ಆ ಇನ್‌ವಾಯ್ಸ್ ಇಲ್ದೇ ಬಿಲ್ ಪಾಸ್ ಮಾಡಲ್ಲ, ಅವರೇ ತಾವಾಗಿ ಸರಿ ಟಿಕೆಟ್ ಹುಡುಕ್ಕೊಂಡು ಬರ್ತಾರೆ. ಆಮೇಲೆ ಚೆಕ್‌ಔಟ್ ಪೇಜಲ್ಲಿ "ಸ್ಟ್ಯಾಂಡರ್ಡ್", "ಪ್ರೀಮಿಯಂ" ಅಂತೆಲ್ಲ ಹಾಕೋದು ನಿಲ್ಲಿಸಿದೆ, "ನಾನೇ ಕೊಡ್ತೀನಿ", "ನನ್ನ ಕಂಪನಿ ಕೊಡುತ್ತೆ" ಅಂತ ನೇರವಾಗಿ ಹಾಕಿದೆ. ಇದರಿಂದ ಮೇಲ್‌ನಲ್ಲಿ ಬರ್ತಿದ್ದ ಪ್ರಶ್ನೆಗಳು ಎಷ್ಟೋ ಕಮ್ಮಿ ಆದ್ವು.

ಸ್ಟೂಡೆಂಟ್ ಟಿಕೆಟ್‌ಗೆ ಮುಂಚೆನೇ ಐಡಿ ಅಪ್‌ಲೋಡ್ ಮಾಡ್ಸೋದು ನನಗೆ ಇಷ್ಟ ಇಲ್ಲ, ಇನ್ನೊಬ್ರ ಐಡಿ ಫೋಟೋಗಳನ್ನ ಇಟ್ಕೊಂಡು ಕಾಯೋದು ಬೇರೆ ತಲೆನೋವು. ಡೆಸ್ಕಲ್ಲಿ ತೋರ್ಸಿದ್ರೆ ಸಾಕು. ಕೆಲಸ ಕಳ್ಕೊಂಡೋರಿಗೂ ಅದೇ ರೇಟ್, ಅವರಿಗೆ ಯಾವ ಪುರಾವೆನೂ ಕೇಳಲ್ಲ.

ಅರ್ಲಿ ಬರ್ಡ್ (ಬೇಗ ತಗೊಳ್ಳೋರಿಗೆ ಕಮ್ಮಿ ರೇಟಿನ ಟಿಕೆಟ್) ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಮೊದಲ ದಿನನೇ ತಗೊಳ್ಳೋರು ಯಾರು? ಹೆಂಗಿದ್ರೂ ಬರೋರೇ. ಅವರಿಗೆ 40% ಡಿಸ್ಕೌಂಟ್ ಕೊಟ್ಟು ಸಾಧಿಸೋದು ಏನೂ ಇಲ್ಲ. ಅದರ ನಿಜವಾದ ಉಪಯೋಗ ಕ್ಯಾಶ್‌ಫ್ಲೋ, ಹಾಲ್ ಅಡ್ವಾನ್ಸ್ ಕಟ್ಟೋ ಹೊತ್ತಿಗೆ ಸ್ಪಾನ್ಸರ್ ದುಡ್ಡು ಬಂದಿರಲ್ಲ (ಸ್ಪಾನ್ಸರ್ ಒಪ್ಕೊಂಡ್ರು ಅನ್ನೋದಕ್ಕೂ ದುಡ್ಡು ಅಕೌಂಟಿಗೆ ಬಿತ್ತು ಅನ್ನೋದಕ್ಕೂ ನಡುವೆ ತಿಂಗಳುಗಟ್ಟಲೆ ಅಂತರ ಇರುತ್ತೆ). ಆ ಅಡ್ವಾನ್ಸ್ ಹುಟ್ಟೋವಷ್ಟೇ ಅರ್ಲಿ ಬರ್ಡ್ ಬಿಡ್ತೀನಿ, 15% ಕಮ್ಮಿಗೆ, ಇಂತಿಷ್ಟೇ ಟಿಕೆಟ್ ಅಂತ ಮಿತಿ ಹಾಕಿ. ತಾರೀಖಿನ ಮಿತಿ ಇಟ್ರೆ ಎಷ್ಟು ಡಿಸ್ಕೌಂಟ್ ಕೊಟ್ವಿ ಅಂತ ಕೊನೇ ರಾತ್ರಿವರೆಗೂ ಗೊತ್ತಾಗಲ್ಲ. ಒಂದೇ ವಿನಾಯಿತಿ, ಟಾಕ್ ಕೊಡ್ತೀನಿ ಅಂತ ಅರ್ಜಿ ಕಳ್ಸಿ ಸೆಲೆಕ್ಟ್ ಆಗ್ದೇ ಇರೋರಿಗೆ ಅದೇ ರೇಟಿನ ಡಿಸ್ಕೌಂಟ್ ಕೋಡ್ ಕಳಿಸ್ತೀನಿ. ಪಾಪ, ಫಲಿತಾಂಶಕ್ಕೆ ಕಾದ್ಕೊಂಡಿದ್ದಕ್ಕೆ ಅವರಿಗೆ ದಂಡ ಬೀಳಬಾರ್ದು. ಕೋಡ್ ಅಂದ್ರೆ ಒಬ್ರಿಗೆ ಒಂದು, ಒಂದೇ ಸಲ ನಡೆಯೋ ಥರ. ಎಲ್ರಿಗೂ ಒಂದೇ ಕೋಡ್ ಕೊಟ್ರೆ ಅದು ಸಂಜೆಯೊಳಗೆ ಹತ್ತು ಗ್ರೂಪಲ್ಲಿ ಓಡಾಡ್ತಿರುತ್ತೆ.

ಫ್ರೀ ಮಾಡೋಣ ಅನ್ನೋರು ಯಾವಾಗ್ಲೂ ಬ್ರಸೆಲ್ಸ್‌ನ ಫಾಸ್‌ಡೆಮ್ ಅನ್ನೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಕಾನ್ಫರೆನ್ಸ್ ಹೆಸರು ಹೇಳ್ತಾರೆ. ನಿಜ, ಅದು ಫ್ರೀನೇ, ಆದ್ರೆ ಅಲ್ಲಿ ರಿಜಿಸ್ಟ್ರೇಷನ್ನೇ ಇಲ್ಲ, ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿ ನಡೆಯುತ್ತೆ, ಊಟ ಬೇಕಾದೋರು ದುಡ್ಡು ಕೊಟ್ಟು ತಗೋತಾರೆ. ತಲೆ ಎಣಿಸಿ ಊಟ ಹಾಕೋ ನಮ್ಮಂಥೋರಿಗೆ ಆ ಮಾದರಿ ಹೊಂದಲ್ಲ. ಫ್ರೀ ಟಿಕೆಟ್ ತಗೊಂಡೋರಲ್ಲಿ ಬಹಳಷ್ಟು ಜನ ಬರೋದೇ ಇಲ್ಲ, ಸೀಟ್ ಖಾಲಿ, ಊಟ ವೇಸ್ಟು, ಹೊರಗೆ ವೇಟಿಂಗ್ ಲಿಸ್ಟಲ್ಲಿ ಇದ್ದೋರಿಗೆ ಬೇಜಾರು. ಸಣ್ಣ ಮೊತ್ತ ಇಟ್ರೂ ಸಾಕು, ಬರೋಕಾಗ್ದೇ ಇರೋರು ಮುಂಚೆನೇ ಮೇಲ್ ಹಾಕ್ತಾರೆ.

ಇದರ ಎದುರು ತುದಿ ಪೈಕಾನ್ ಯುಎಸ್, ಅಂದ್ರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯೋರ ಅಮೆರಿಕದ ಕಾನ್ಫರೆನ್ಸು, ಅಲ್ಲಿ ಸ್ಪೀಕರ್, ಸಂಘಟಕರು ಸೇರಿ ಎಲ್ರೂ ಟಿಕೆಟ್ ತಗೋಬೇಕು ಅನ್ನೋ ಪದ್ಧತಿ ವರ್ಷಗಟ್ಟಲೆ ನಡ್ಕೊಂಡು ಬಂತು, ಕೊಡೋಕಾಗ್ದೇ ಇರೋರಿಗೆ ಬೇರೆ ಸಹಾಯಧನ. ತತ್ವ ಚೆನ್ನಾಗಿದೆ. ಆದ್ರೆ ಚಿಕ್ಕ ಕಾನ್ಫರೆನ್ಸ್‌ಗೆ ಹೊಸ ಸ್ಪೀಕರ್ ಬರೋದೇ ಕಷ್ಟ ಇರೋವಾಗ ಅವರ ಕೈಗೆ ಬಿಲ್ ಕೊಡೋಕೆ ನಾನು ಒಪ್ಪಲ್ಲ. ಅವರ ಎಂಪ್ಲಾಯರ್ ಕೊಡೋಕೆ ರೆಡಿ ಇದ್ರೆ ಮಾತ್ರ ಕಂಪನಿ ಟಿಕೆಟ್ ತಗೊಳ್ಳಿ ಅಂತೀನಿ, ತುಂಬಾ ಜನ ತಗೋತಾರೆ ಕೂಡ. ಸಹಾಯಧನಕ್ಕೆ ಚೆಕ್‌ಔಟಲ್ಲಿ "ಇನ್ನೊಬ್ರ ಟಿಕೆಟ್‌ಗೆ ಸೇರಿಸಿ" ಅಂತ ಒಂದು ಆಯ್ಕೆ ಇಟ್ಟಿದೀನಿ. ಸ್ಪ್ರೆಡ್‌ಶೀಟಲ್ಲಿ ಆ ದುಡ್ಡಿಗೆ ಬೇರೆ ಲೈನೇ ಇರುತ್ತೆ, ಬೇರೆ ಖರ್ಚಿಗೆ ಮುಟ್ಟೋ ಹಾಗಿಲ್ಲ.

ರಿಫಂಡ್: ಕೇಟರಿಂಗ್‌ನೋರಿಗೆ ತಲೆ ಲೆಕ್ಕ ಕೊಡೋ ದಿನದವರೆಗೆ ಪೂರ್ತಿ ವಾಪಸ್, ಗೇಟ್‌ವೇ ಫೀಸ್ ಕಳೆದು, ಯಾಕಂದ್ರೆ ಆ ಫೀಸ್ ನಮಗೆ ಬಹಳ ಸಲ ವಾಪಸ್ ಬರಲ್ಲ. ಅದಾದ್ಮೇಲೆ ಇನ್ನೊಬ್ರ ಹೆಸರಿಗೆ ವರ್ಗಾವಣೆ ಮಾತ್ರ, ಅದು ಫ್ರೀ. ಅದೇ ದಿನದಿಂದ ಲೇಟ್ ರೇಟ್ ಶುರು, 30% ಜಾಸ್ತಿ. ಕೊನೇ ವಾರದಲ್ಲಿ ಟಿಕೆಟ್ ತಗೊಳ್ಳೋರು ಬಹುಪಾಲು ಕಂಪನಿಯೋರೇ, ಅಪ್ರೂವಲ್ ಆಗೋದೇ ಆವಾಗ, ಆ ರೇಟ್ ನೋಡಿ ಹಿಂದೆ ಸರಿದೋರು ಕಮ್ಮಿ. ಮೇಲಿನ ಲೆಕ್ಕದಲ್ಲಿ ನಾನು ಲೇಟ್ ರೇಟ್ ಸೇರಿಸೇ ಇಲ್ಲ, ಬಂದ್ರೆ ಬರ್ಲಿ ಅಂತ ಹೊರಗಿಟ್ಟಿರ್ತೀನಿ, ಉಳಿದಿದ್ದು ಮುಂದಿನ ವರ್ಷದ ಹಾಲ್ ಅಡ್ವಾನ್ಸ್‌ಗೆ ಹೋಗುತ್ತೆ.