‘ತುಂಬಾ ಚೆನ್ನಾಗಿತ್ತು’ ಅನ್ನುವುದಕ್ಕಿಂತ ಹೆಚ್ಚಿನದು: ಮಕ್ಕಳ ಜೊತೆ ಮ್ಯೂಸಿಯಂ ನೋಡುವ ಬಗೆ

ಮ್ಯೂಸಿಯಂ ನೋಡಿ ಬಂದ ಹೈಸ್ಕೂಲ್ ಮಕ್ಕಳ ಕೈಲಿ ಅನಿಸಿಕೆ ಬರೆಸಿದರೆ ಬಹುಪಾಲು ಹಾಳೆಗಳಲ್ಲಿ ಇರುವುದು ಒಂದೇ ಮಾತು: ‘ತುಂಬಾ ಚೆನ್ನಾಗಿತ್ತು, ನಮ್ಮ ಸಂಸ್ಕೃತಿಯ ಬಗ್ಗೆ ತಿಳಿಯಿತು, ಕರೆದುಕೊಂಡು ಹೋದ ಗುರುಗಳಿಗೆ ಧನ್ಯವಾದ.’ ಮಕ್ಕಳಿಗೆ ಏನೂ ಅನಿಸಿರಲಿಲ್ಲ ಅಂತಲ್ಲ. ಒಂದೇ ದಿನದಲ್ಲಿ ಮೂರು ಕಟ್ಟಡ ಸುತ್ತಿಸಿ, ನಿಂತು ನೋಡಲು ಬಿಡದೆ, ಮರುದಿನ ಕ್ಲಾಸಿನಲ್ಲಿ ಹಾಳೆ ಹಂಚಿದರೆ ಬೇರೇನು ಬಂದೀತು? ಎಂಟನೇ ತರಗತಿಯಿಂದ ಪಿಯುವರೆಗಿನ ಮಕ್ಕಳನ್ನು ಬೆಂಗಳೂರು, ಮೈಸೂರಿನ ಗ್ಯಾಲರಿಗಳಿಗೆ ಕರೆದೊಯ್ಯುವಾಗ ನಾನು ಅನುಸರಿಸುವ ಕ್ರಮ ಇಲ್ಲಿದೆ. ಎಲ್ಲದರ ಬುಡದಲ್ಲಿರುವ ಲೆಕ್ಕ ಒಂದೇ: ಕಡಿಮೆ ವಸ್ತು, ಹೆಚ್ಚು ಹೊತ್ತು.

ಎಷ್ಟು ಹೊತ್ತು ಅನ್ನುವುದಕ್ಕೆ ಒಂದು ಅಳತೆ ಹೇಳುತ್ತೇನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕಲಾಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಜೆಫ್ರಿ ಸ್ಮಿತ್ ಮತ್ತು ಲೀಸಾ ಸ್ಮಿತ್ ಎಣಿಸಿ 2001ರಲ್ಲಿ ಪ್ರಕಟಿಸಿದರು. ಸರಾಸರಿ 27 ಸೆಕೆಂಡು. ಅರ್ಧದಷ್ಟು ಜನ ನಿಂತದ್ದು 17 ಸೆಕೆಂಡಿಗಿಂತ ಕಡಿಮೆ. ತಾವಾಗಿಯೇ ಬಂದ ದೊಡ್ಡವರ ಪಾಡೇ ಇದು. ಸಾಲಿನಲ್ಲಿ ನಿಂತು ಹಿಂದಿನವನಿಂದ ತಳ್ಳಿಸಿಕೊಳ್ಳುವ ಒಂಬತ್ತನೇ ಕ್ಲಾಸಿನ ಹುಡುಗನಿಗೆ ಅಷ್ಟೂ ಸಿಗುವುದಿಲ್ಲ. ಹಾಗಾಗಿ ಒಂದು ಭೇಟಿಗೆ ಮೂರೇ ವಸ್ತು ಆರಿಸಿಕೊಳ್ಳುತ್ತೇನೆ. ಒಂದೊಂದರ ಮುಂದೆ 20ರಿಂದ 25 ನಿಮಿಷ. ಕೊನೆಗೆ ಬರೆಯುವ ಸಮಯ ಬಿಟ್ಟು ಒಟ್ಟು 90 ನಿಮಿಷ ಮೀರಬಾರದು. ‘ಅಷ್ಟು ದೂರದಿಂದ ಬಂದು ಮೂರೇ ನೋಡೋದಾ?’ ಎಂದು ಜೊತೆಗೆ ಬಂದ ಶಿಕ್ಷಕರೇ ಕೇಳುತ್ತಾರೆ. ಉಳಿದದ್ದನ್ನು ನೋಡಲು ಮೊದಲ ಹತ್ತು ನಿಮಿಷ ಇದೆ. ಒಳಗೆ ಹೋದ ಕೂಡಲೇ ಮಕ್ಕಳನ್ನು ಅವರ ಪಾಡಿಗೆ ಅಡ್ಡಾಡಲು ಬಿಟ್ಟುಬಿಡಬೇಕು. ಹೊಸ ಜಾಗದ ಕುತೂಹಲ ತಣಿಯದೆ ಯಾವ ಮಗುವೂ ಒಂದು ಕಲ್ಲಿನ ಮುಂದೆ ಕೂರುವುದಿಲ್ಲ.

ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಈ ಆಸೆಬುರುಕತನಕ್ಕೆ ಬೇಕಾದಷ್ಟು ಅವಕಾಶವಿದೆ. ಸರ್ಕಾರಿ ವಸ್ತುಸಂಗ್ರಹಾಲಯ, ವೆಂಕಟಪ್ಪ ಆರ್ಟ್ ಗ್ಯಾಲರಿ, ವಿಶ್ವೇಶ್ವರಯ್ಯ ಮ್ಯೂಸಿಯಂ ಒಂದಕ್ಕೊಂದು ಅಂಟಿಕೊಂಡಿವೆ. 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ ‘ಮ್ಯಾಪ್’ ಕೂಡ ಅದೇ ರಸ್ತೆಯಲ್ಲಿದೆ. ಒಂದೇ ದಿನದಲ್ಲಿ ಎಲ್ಲವನ್ನೂ ‘ಕವರ್’ ಮಾಡುವ ಯೋಜನೆ ಹಾಕಿದರೆ ಎರಡನೇ ಕಟ್ಟಡದಲ್ಲೇ ಮಕ್ಕಳು ಗೋಡೆಗೊರಗಿ ಕೂರುತ್ತಾರೆ. ಇದು ಅಶಿಸ್ತಲ್ಲ, ದೇಹದ ಸುಸ್ತು. ಬಾಸ್ಟನ್ನಿನ ಮ್ಯೂಸಿಯಂನಲ್ಲಿದ್ದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಈ ‘ಮ್ಯೂಸಿಯಂ ಸುಸ್ತಿನ’ ಬಗ್ಗೆ ಬರೆದಿದ್ದರು. ಕೆಳಗಿಟ್ಟ ವಸ್ತು ನೋಡಲು ಬಗ್ಗುವುದು, ವಸ್ತುವಿನ ವಿವರ ಬರೆದ ಚೀಟಿ ಓದಲು ಕತ್ತು ಚಾಚುವುದು, ಇವನ್ನೆಲ್ಲ ಫೋಟೊ ತೆಗೆಸಿ ತೋರಿಸಿದ್ದರು. ಎರಡು ಕಟ್ಟಡ ನೋಡಲೇಬೇಕಿದ್ದರೆ ಕಲ್ಲು, ಚಿತ್ರ ಮೊದಲಿರಲಿ, ವಿಶ್ವೇಶ್ವರಯ್ಯ ಮ್ಯೂಸಿಯಂ ನಂತರ. ಗುಂಡಿ ಒತ್ತಿ ಯಂತ್ರ ತಿರುಗಿಸಿ ಬಂದ ಕೈಗಳು ಶಾಸನದ ಮುಂದೆ ಸುಮ್ಮನಿರುವುದಿಲ್ಲ. ಎರಡರ ನಡುವೆ ಕಬ್ಬನ್ ಪಾರ್ಕಿನಲ್ಲಿ ಅರ್ಧ ಗಂಟೆ ಬುತ್ತಿ ಬಿಚ್ಚಿ, ಕಸ ಚೀಲಕ್ಕೆ ತುಂಬಿಕೊಂಡು ಮುಂದೆ ಹೋಗಿ.

ತಯಾರಿಯಲ್ಲಿ ಬಿಡಲೇಬಾರದ ಕೆಲಸವೆಂದರೆ ಶಿಕ್ಷಕರು ಒಂದು ವಾರ ಮೊದಲು ಒಬ್ಬರೇ ಹೋಗಿ ಬರುವುದು. ನವೀಕರಣಕ್ಕೆ ಯಾವ ವಿಭಾಗ ಮುಚ್ಚಿದೆ, ಹದಿನಾಲ್ಕು ಮಕ್ಕಳು ನೆಲದ ಮೇಲೆ ಕೂತರೂ ಬೇರೆಯವರಿಗೆ ದಾರಿ ಉಳಿಯುವ ಜಾಗ ಯಾವುದು, ಶೌಚಾಲಯ ಎಲ್ಲಿದೆ, ಚೀಲ ಎಲ್ಲಿಡಬೇಕು ಎಂಬುದೆಲ್ಲ ಕಣ್ಣಾರೆ ನೋಡಿದರೇ ಗೊತ್ತಾಗುವುದು. ಸೋಮವಾರ ಹಲವು ಮ್ಯೂಸಿಯಂಗಳಿಗೆ ರಜೆ. ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಶಾಲೆಯ ಲೆಟರ್‌ಹೆಡ್‌ನಲ್ಲಿ ದಿನಾಂಕ, ಸಮಯ, ಮಕ್ಕಳ ಸಂಖ್ಯೆ ಬರೆದ ಪತ್ರ ಮುಂಚಿತವಾಗಿ ಕೊಡಿ. ಗ್ಯಾಲರಿಯ ಕಾವಲು ಸಿಬ್ಬಂದಿಯನ್ನು ಮಾತಾಡಿಸಿ, ಮಕ್ಕಳು ಕೂತು ಚಿತ್ರ ಬರೆಯುತ್ತಾರೆ ಎಂದು ಅವರಿಗೆ ಮೊದಲೇ ತಿಳಿಸಿ. ಇಲ್ಲವಾದರೆ ‘ಏಳಿ, ಮುಂದೆ ಹೋಗಿ’ ಅನ್ನುವುದು ಅವರ ಕೆಲಸ. ದಿನವಿಡೀ ಮಕ್ಕಳಿಗೆ ನೆನಪಲ್ಲಿ ಉಳಿಯುವುದು ಆ ಗದರಿಕೆಯೇ.

ನಲವತ್ತು ಮಕ್ಕಳಿದ್ದರೆ 13–14ರ ಮೂರು ಗುಂಪು, ಗುಂಪಿಗೊಬ್ಬರು ದೊಡ್ಡವರು, ಮೂರೂ ಗುಂಪು ಬೇರೆ ಬೇರೆ ವಸ್ತುವಿನಿಂದ ಶುರು ಮಾಡುವುದು. ಗುಂಪು ಹದಿನೈದು ದಾಟಿದರೆ ಹಿಂದಿನ ಸಾಲಿಗೆ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಒಬ್ಬೊಬ್ಬರಿಗೆ ಒಂದು ಎಕ್ಸಾಂ ಪ್ಯಾಡ್, ನಾಲ್ಕು ಖಾಲಿ ಹಾಳೆ, ಒಂದು ಪೆನ್ಸಿಲ್. ಪೆನ್ನು ಬೇಡ, ಶಾಯಿ ಗೋಡೆಗೋ ಚಿತ್ರಕ್ಕೋ ತಗುಲಿದರೆ ಹೋಗುವುದಿಲ್ಲ, ಹಲವು ಕಡೆ ಒಳಗೆ ಬಿಡುವುದೂ ಇಲ್ಲ. ಬಿಟ್ಟ ಸ್ಥಳ ತುಂಬುವ ವರ್ಕ್‌ಶೀಟನ್ನು ನಾನು ಕೊಡುವುದಿಲ್ಲ. ಅದು ಕೈಗೆ ಬಂತೆಂದರೆ ಮಕ್ಕಳು ಉತ್ತರಕ್ಕಾಗಿ ಚೀಟಿಯಿಂದ ಚೀಟಿಗೆ ಓಡುತ್ತಾರೆ; ಚೀಟಿಯ ಪಕ್ಕದಲ್ಲಿರುವ ವಸ್ತುವಿನ ಕಡೆ ತಲೆ ಎತ್ತುವುದಿಲ್ಲ.

ವಸ್ತುವಿನ ಮುಂದೆ ಕೂತ ಮೇಲೆ ಮೊದಲ ಮೂರು ನಿಮಿಷ ಪೂರ್ತಿ ಮೌನ. ಮುಂದಿನ ಐದು ನಿಮಿಷ ಚಿತ್ರ ಬರೆಯುವುದು. ಇಡೀ ವಸ್ತುವನ್ನಲ್ಲ, ಕಣ್ಣು ಹಿಡಿದ ಒಂದು ಭಾಗವನ್ನು ಮಾತ್ರ. ‘ನಂಗೆ ಡ್ರಾಯಿಂಗ್ ಬರಲ್ಲ ಮಿಸ್’ ಅನ್ನುವವರಿಗೆ ‘ಇದನ್ನ ಯಾರಿಗೂ ತೋರಿಸಬೇಕಾಗಿಲ್ಲ’ ಎಂದರೆ ಸಾಕು. ಆಮೇಲೆ ಮಾತು. ಅಮೆರಿಕದ ಅಬಿಗೇಲ್ ಹೌಸನ್, ಫಿಲಿಪ್ ಯೆನವೈನ್ ರೂಪಿಸಿದ ವಿಧಾನದ ಮೂರು ಪ್ರಶ್ನೆಗಳನ್ನು ನಾನು ಹೀಗೆ ಕೇಳುತ್ತೇನೆ: ‘ಇಲ್ಲಿ ಏನು ನಡೀತಾ ಇದೆ?’, ‘ಯಾವುದನ್ನ ನೋಡಿ ಹಾಗಂತೀಯ?’, ‘ಇನ್ನೇನು ಕಾಣುತ್ತೆ?’ ಮೂರರಲ್ಲಿ ಎರಡನೆಯದೇ ಪ್ರಾಣ. ‘ಅವಳು ಬೇಜಾರಲ್ಲಿದಾಳೆ’ ಎಂದ ಹುಡುಗಿ ಆ ಪ್ರಶ್ನೆ ಕೇಳಿದಾಗ ಮತ್ತೆ ಚಿತ್ರದ ಕಡೆ ತಿರುಗಿ ರೆಪ್ಪೆ, ತುಟಿ, ಬಾಗಿದ ಕತ್ತನ್ನು ಹುಡುಕುತ್ತಾಳೆ. ‘ಶಹಬ್ಬಾಸ್’, ‘ಸರಿಯಾದ ಉತ್ತರ’ ಅನ್ನುವುದನ್ನು ಶಿಕ್ಷಕರು ತಡೆದುಕೊಳ್ಳಬೇಕು. ಒಬ್ಬರಿಗೆ ಶಹಬ್ಬಾಸ್ ಸಿಕ್ಕಿತೆಂದರೆ ಉಳಿದ ಹನ್ನೆರಡು ಜನ ಅದೇ ಉತ್ತರದ ಬೆನ್ನು ಹತ್ತುತ್ತಾರೆ.

ಈ ವಿಧಾನವನ್ನು ಅಕ್ಷರಶಃ ಪಾಲಿಸುವವರು ಮಾಹಿತಿ ಕೊಡಲು ಹಿಂಜರಿಯುತ್ತಾರೆ. ಅಲ್ಲಿ ನನ್ನ ದಾರಿ ಬೇರೆ. ಮಾಹಿತಿ ಬೇಕು, ಆದರೆ ಮಕ್ಕಳು ಕಣ್ಣಿಂದ ಗಿಟ್ಟಿಸಿಕೊಂಡ ಮೇಲೆ. ಇದಕ್ಕೆ ಬೆಂಗಳೂರಿನ ವಸ್ತುಸಂಗ್ರಹಾಲಯದ ಆತಕೂರು ಶಾಸನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಲ್ಲಿನಲ್ಲಿ ಎರಡು ಪ್ರಾಣಿ ಸೆಣಸುತ್ತಿವೆ. ಹುಲಿಯೋ, ನಾಯಿಯೋ, ಕರಡಿಯೋ ಎಂಬ ಜಗಳ ಮಕ್ಕಳಲ್ಲಿ ತಾನಾಗಿ ಹುಟ್ಟುತ್ತದೆ. ಬಾಲ, ಮೂತಿ, ಕಾಲು ತೋರಿಸಿ ವಾದಿಸುತ್ತಾರೆ. ನಾಯಿ ಮತ್ತು ಹಂದಿ ಎಂದು ಒಪ್ಪಂದಕ್ಕೆ ಬರಲು ಹತ್ತು ನಿಮಿಷ ಹಿಡಿದರೂ ಸರಿಯೇ, ಅಲ್ಲಿಯತನಕ ಬಾಯಿ ಬಿಡಬೇಡಿ. ನಂತರ ಕಥೆಯನ್ನು ತುತ್ತು ತುತ್ತಾಗಿ ಕೊಡಿ. ಕ್ರಿ.ಶ. 949ರ ಕಾಲ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನ ಪರ ನಿಂತ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಆ ಯುದ್ಧದಲ್ಲಿ ಬೂತುಗನ ಕಡೆ ಹೋರಾಡಿದ ವೀರ ಮಣಲೇರ. ಏನು ಬೇಕೋ ಕೇಳು ಎಂದಾಗ ಅವನು ಏನು ಕೇಳಿರಬಹುದು? ಇಲ್ಲಿ ನಿಲ್ಲಿಸಿ. ಊರು, ಚಿನ್ನ, ಕುದುರೆ ಎಂದು ಮಕ್ಕಳು ಊಹಿಸುತ್ತಾರೆ. ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿ. ಬೆಳತೂರಿನ ಬೆಟ್ಟದ ಬಳಿ ಆ ನಾಯಿ ದೊಡ್ಡ ಹಂದಿಯೊಂದಿಗೆ ಹೋರಾಡಿ, ಎರಡೂ ಸತ್ತವು. ಅದರ ನೆನಪಿಗೆ ಈ ಕಲ್ಲು. ಮನೆಯಲ್ಲಿ ನಾಯಿ ಸಾಕಿದ ಮಕ್ಕಳು ಈ ಘಟ್ಟದಲ್ಲಿ ಮಾತಾಡುವ ರೀತಿಯೇ ಬದಲಾಗುತ್ತದೆ. ಅವರು ಬರೆಯುವ ಅನಿಸಿಕೆಯಲ್ಲಿ ‘ಸಂಸ್ಕೃತಿ’ ಅನ್ನುವ ಪದ ಬರುವುದಿಲ್ಲ, ಕಾಳಿ ಬರುತ್ತದೆ.

ಅಕ್ಷರಗಳನ್ನು ನೋಡಲು ಒಂದು ಉಪಾಯ: ಸಿಬ್ಬಂದಿಯ ಅನುಮತಿ ಪಡೆದು ಸಣ್ಣ ಎಲ್‌ಇಡಿ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೇಲ್ಮೈಗೆ ಹತ್ತಿಪ್ಪತ್ತು ಡಿಗ್ರಿಯಷ್ಟು ಓರೆಯಾಗಿ ಹಿಡಿಯಬೇಕು. ನೇರವಾಗಿ ಬಿಟ್ಟರೆ ಬೆಳಕು ಗೀರುಗಳೊಳಗೆ ತುಂಬಿ ಅಕ್ಷರ ಮಾಯವಾಗುತ್ತದೆ. ಓರೆಯಾಗಿ ಬಿಟ್ಟರೆ ಪ್ರತಿ ಗೀರಿಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ಬೆರಳಿಂದ ಸವರಬಾರದು, ಸೀಮೆಸುಣ್ಣವಂತೂ ಬಳಿಯಲೇಬಾರದು. ಬೆವರು, ಎಣ್ಣೆ ಕಲ್ಲಿಗೆ ಇಳಿದು ಕಲೆ ಕಟ್ಟುತ್ತದೆ. ಈ ಕಾರಣ ಹೇಳಿದರೆ ಮಕ್ಕಳು ಮುಟ್ಟುವುದಿಲ್ಲ. ಬರೀ ‘ಮುಟ್ಟಬೇಡ’ ಎಂದರೆ ನಾವು ತಿರುಗಿದ ಕ್ಷಣ ಮುಟ್ಟುತ್ತಾರೆ.

‘ಇಷ್ಟು ಕತ್ತಲೆ ಯಾಕೆ?’ ಎಂಬ ಪ್ರಶ್ನೆ ಎಲ್ಲ ಗ್ಯಾಲರಿಯಲ್ಲೂ ಬರುತ್ತದೆ. ಜಲವರ್ಣ, ಕಾಗದ, ಬಟ್ಟೆ ಬೆಳಕಿಗೆ ಬಣ್ಣಗೆಡುತ್ತವೆ, ಕೆಟ್ಟದ್ದು ಮರಳುವುದಿಲ್ಲ. ಅದಕ್ಕೇ ಅಂಥವಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಮಿತಿ, ತೈಲವರ್ಣಕ್ಕೆ 200ರ ಆಸುಪಾಸು. ಫ್ಲ್ಯಾಶ್ ಬೇಡ ಅನ್ನುವುದನ್ನೂ ಇದರ ಜೊತೆಗೇ ಹೇಳಿಬಿಡಬಹುದು. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಬೇಕು. ಹೊರಗಿನ ಬಿಸಿಲಿಂದ ನೇರ ಒಳಗೆ ನುಗ್ಗಿ, ಕಾಣುವ ಮೊದಲೇ ಹೊರಬಂದರೆ ‘ಏನೂ ಕಾಣಲಿಲ್ಲ’ ಎಂಬ ದೂರು ನ್ಯಾಯವಾದದ್ದೇ.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದರೆ ಕತ್ತಲೆಯೇ ಪಾಠ. ಅಲ್ಲಿನ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ಬಹಳ ಜನ ರವಿವರ್ಮನದೆಂದು ಹೇಳುತ್ತಾರೆ. ಅದು ಎಸ್. ಎಲ್. ಹಲ್ದಣಕರ್ ಅವರ ಜಲವರ್ಣ, ರೂಪದರ್ಶಿ ಅವರ ಮಗಳು ಗೀತಾ. ಮಕ್ಕಳು ಚಿತ್ರದ ಹಿಂದೆ ಬಲ್ಬ್ ಇದೆಯೇ ಎಂದು ಬಗ್ಗಿ ಹುಡುಕುತ್ತಾರೆ, ಹುಡುಕಲಿ. ಪಾರದರ್ಶಕ ಜಲವರ್ಣದಲ್ಲಿ ಬೆಳಕು ಬರುವುದು ಕಾಗದದ ಬಿಳಿಯಿಂದ, ಸುತ್ತ ಬಣ್ಣ ಗಾಢವಾದಷ್ಟೂ ಆ ಜಾಗ ಹೊಳೆಯುತ್ತದೆ. ಇದನ್ನು ಬಾಯಲ್ಲಿ ವಿವರಿಸುವ ಬದಲು ಹೊರಡುವ ಹಿಂದಿನ ದಿನ ಕ್ಲಾಸಿನ ಕಿಟಕಿ ಮುಚ್ಚಿ, ಮೊಬೈಲ್ ಟಾರ್ಚಿಗೆ ಅಂಗೈ ಅಡ್ಡ ಹಿಡಿದು ನೋಡಿಸಿ. ಬೆರಳಂಚು ಕೆಂಪಾಗಿ ಬೆಳಗುತ್ತದೆ, ಯಾಕೆಂದರೆ ರಕ್ತ, ಮಾಂಸ ಬೇರೆ ಬಣ್ಣಗಳನ್ನು ಹೀರಿಕೊಂಡು ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತವೆ. ತಮ್ಮ ಕೈಯಲ್ಲಿ ಕಂಡದ್ದನ್ನೇ ಮರುದಿನ ಚಿತ್ರದ ಬೆರಳ ಸಂದಿಯಲ್ಲಿ ಕಂಡಾಗ, ಕಲಾವಿದ ಎಷ್ಟು ಗಮನಿಸಿದ್ದಾನೆ ಎಂಬುದು ಹೇಳದೆಯೇ ಹೊಳೆಯುತ್ತದೆ.

ಫೋನು ಬಿಡಿಸುವ ಯುದ್ಧ ಮಾಡಬೇಡಿ. ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮ್ಯೂಸಿಯಂನ ವಸ್ತುಗಳಲ್ಲಿ ಬರೀ ನೋಡಿದವುಗಳಿಗಿಂತ ಫೋಟೊ ತೆಗೆದವು ಕಡಿಮೆ ನೆನಪಿದ್ದವು. ಆದರೆ ಒಂದು ಭಾಗವನ್ನು ಝೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. ಹಾಗಾಗಿ ಫೋಟೊಗೆ ಅನುಮತಿ ಇರುವ ಕಡೆ ನನ್ನ ನಿಯಮ: ಮಾತುಕತೆ ಮುಗಿದ ಮೇಲೆ ಒಬ್ಬರಿಗೆ ಒಂದೇ ಫೋಟೊ, ಅದೂ ಒಂದು ವಿವರದ್ದು.

ವಯಸ್ಸಿಗೆ ತಕ್ಕಂತೆ ತೊಡಕೂ ಬೇರೆ. ಎಂಟನೇ ಕ್ಲಾಸಿನವರು ‘ಇದಕ್ಕೆ ಎಷ್ಟು ದುಡ್ಡು? ಹೇಗೆ ಮಾಡಿದ್ರು?’ ಎಂದು ಕೇಳುತ್ತಾರೆ, ಎರಡೂ ಒಳ್ಳೆಯ ಪ್ರಶ್ನೆಗಳು. ಪಿಯು ಮಕ್ಕಳಿಗೆ ತಪ್ಪಾದೀತೆಂಬ ಅಂಜಿಕೆ. ‘ಇದರ ಅರ್ಥ ಏನು ಸರ್?’ ಎಂದು ನಮ್ಮ ಬಾಯಿ ನೋಡುತ್ತಾರೆ. ಅವರಿಂದ ಮೊದಲು ಬರೆಸಿ, ಆಮೇಲೆ ಮಾತಾಡಿಸಬೇಕು. ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಅಂದರೆ ಎನ್‌ಜಿಎಂಎಯಂಥ ಕಡೆ ಆಧುನಿಕ ಚಿತ್ರಗಳ ಮುಂದೆ ‘ಇದನ್ನ ನಾನೂ ಮಾಡ್ತೀನಿ’ ಎಂಬ ಮಾತು ಖಂಡಿತ ಬರುತ್ತದೆ. ವಾದ ಬೇಡ, ಪೆನ್ಸಿಲ್ ಕೊಡಿ. ಕಲಾವಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರ ಎಲ್ಲಾದರೂ ಸಿಕ್ಕರೆ ಇನ್ನೂ ಒಳ್ಳೆಯದು. ಒಂದು ಗೆರೆಯನ್ನು ಪೆನ್ಸಿಲ್ ಎತ್ತದೆ ನಕಲು ಮಾಡಲು ಐದು ನಿಮಿಷ. ಗೆರೆ ಎಲ್ಲಿ ತೆಳುವಾಯಿತು, ಎಲ್ಲಿ ತಿರುಗಿತು ಎಂಬುದು ಆಗ ಕಾಣತೊಡಗುತ್ತದೆ. ಕೆಲವರು ನಿಜಕ್ಕೂ ಚೆನ್ನಾಗಿ ಮಾಡುತ್ತಾರೆ, ಅದನ್ನು ಒಪ್ಪಿಕೊಳ್ಳಿ.

ಅನಿಸಿಕೆ ಬರೆಸುವುದು ಬಸ್ ಹತ್ತುವ ಮೊದಲು, ಆವರಣದಲ್ಲೇ ಕೂರಿಸಿ, 15 ನಿಮಿಷ. ಬಸ್ಸಿನಲ್ಲಿ ಅಂತ್ಯಾಕ್ಷರಿ ಶುರುವಾಯಿತೆಂದರೆ ಮುಗಿಯಿತು. ಮರುದಿನಕ್ಕೆ ಬಿಟ್ಟರೆ ಕ್ಲಾಸಿನ ಜಾಣೆಯೊಬ್ಬಳ ಹಾಳೆ ನಲವತ್ತಾಗುತ್ತದೆ. ಹಾಳೆಯ ಮೇಲೆ ಮೂರೇ ಸೂಚನೆ: ಕಂಡದ್ದು, ಅನಿಸಿದ್ದು, ಇನ್ನೂ ಉಳಿದ ಪ್ರಶ್ನೆ. ಉರ್ದು, ತುಳು, ತಮಿಳು, ಧಾರವಾಡದ ಮಾತು, ಯಾವುದರಲ್ಲಾದರೂ ಬರೆಯಲಿ. ಕಾಗುಣಿತ ತಿದ್ದಬೇಡಿ, ಅಂಕ ಕೊಡಬೇಡಿ. ‘ಇಷ್ಟವಾಗಲಿಲ್ಲ’ ಎಂದು ಬರೆದರೆ ಯಾಕೆಂದು ಇನ್ನೊಂದು ವಾಕ್ಯ ಕೇಳಿ, ಅಷ್ಟೇ. ಓದುವಾಗ ನಾನು ಪ್ರತಿ ವಾಕ್ಯಕ್ಕೂ ಒಂದೇ ಪರೀಕ್ಷೆ ಮಾಡುತ್ತೇನೆ: ಈ ಮಾತನ್ನು ಬೇರೆ ಯಾವ ವಸ್ತುವಿಗಾದರೂ ಹೇಳಬಹುದೇ? ‘ತುಂಬಾ ಸುಂದರವಾಗಿದೆ’ ಎಲ್ಲದಕ್ಕೂ ಹೊಂದುತ್ತದೆ. ‘ಹಂದಿಗಿಂತ ನಾಯಿ ಚಿಕ್ಕದು, ಆದರೂ ಬಿಟ್ಟಿಲ್ಲ’ ಎಂಬಂಥ ವಾಕ್ಯ ಆ ಒಂದು ಕಲ್ಲಿಗೆ ಮಾತ್ರ. ಎರಡನೇ ಬಗೆಯದು ಹಾಳೆಗೆ ಒಂದಾದರೂ ಸಿಗದಿದ್ದರೆ ಮುಂದಿನ ಸಲ ವಸ್ತುಗಳನ್ನು ಮೂರರಿಂದ ಎರಡಕ್ಕೆ ಇಳಿಸುತ್ತೇನೆ.

ಒಂದು ತಿಂಗಳ ಮೇಲೆ, ಮುನ್ಸೂಚನೆ ಇಲ್ಲದೆ, ನೆನಪಿಂದ ಒಂದು ವಸ್ತುವಿನ ಚಿತ್ರ ಬರೆಯಲು ಹೇಳಿ. ಉಳಿದದ್ದೇನು ಎಂಬುದು ಅಲ್ಲಿ ತಿಳಿಯುತ್ತದೆ. ಹೆಸರು ತೆಗೆದು ಹಾಳೆಗಳ ಒಂದು ನಕಲನ್ನು ಮ್ಯೂಸಿಯಂಗೂ ಕಳಿಸಿ. ಚೀಟಿಯ ಕನ್ನಡ ಅಕ್ಷರ ಸಣ್ಣದು, ಕೂರಲು ಬೆಂಚಿಲ್ಲ, ಗಾಜಿನಲ್ಲಿ ನಮ್ಮ ಮುಖವೇ ಕಾಣುತ್ತದೆ, ಹೀಗೆ ಮಕ್ಕಳು ಹೇಳುವ ತಕರಾರುಗಳು ಕ್ಯುರೇಟರ್‌ಗಳಿಗೆ ಬೇಕಾದವೇ. ಪತ್ರದಲ್ಲಿ ಹತ್ತು ಬೇಡಿಕೆ ಇಡಬೇಡಿ. ಒಂದೇ ವಸ್ತು ಹೆಸರಿಸಿ, ಒಂದೇ ಬದಲಾವಣೆ ಕೇಳಿ, ಅದರ ಜೊತೆಗೆ ಮಕ್ಕಳೇ ಬರೆದ ನಾಲ್ಕು ಸಾಲಿನ ಹೊಸ ಚೀಟಿಯೊಂದನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಿ ಲಗತ್ತಿಸಿ.