ಮೊದಲು ಹಗ್ಗದ ಗಂಟು ನೋಡಿ

ಒಮ್ಮೆ ರಾತ್ರಿ ನಮ್ಮ ಹಿತ್ತಲ ಬಣವೆಗೆ ಬೆಂಕಿ ಬಿತ್ತು. ಕೊಟ್ಟಿಗೆ ಅಲ್ಲಿಂದ ಹತ್ತೇ ಹೆಜ್ಜೆ. ಎತ್ತುಗಳು ಹೆದರಿ ಜಗ್ಗಿದ್ದಕ್ಕೆ ಗಂಟು ಕಲ್ಲಾಗಿತ್ತು. ಕುಡುಗೋಲು ಕೈಗೆ ಸಿಗಲಿಲ್ಲ. ಅಜ್ಜಿ ಈಳಿಗೆಮಣೆಯನ್ನೇ ಹೊತ್ತು ತಂದು ಹಗ್ಗ ಕೊಯ್ದಳು. ಎತ್ತು ಉಳಿದವು, ಮೂಲೆಯಲ್ಲಿದ್ದ ಕರು ಉಳಿಯಲಿಲ್ಲ.

ಅದಕ್ಕೇ ಬೆಂಕಿ, ನೆರೆ, ಬರದಿಂದ ದನ ಉಳಿಸಿಕೊಳ್ಳುವ ತಯಾರಿಯಲ್ಲಿ ಮೊದಲ ಕೆಲಸ ಗಂಟು. ಗೂಟಕ್ಕೆ ಕಟ್ಟುವಾಗ ಹಗ್ಗದ ತುದಿಯನ್ನು ಪೂರ್ತಿ ತೂರಿಸಬೇಡಿ. ಮಡಚಿ ತೂರಿಸಿ, ತುದಿ ಎಳೆದರೆ ಬಿಚ್ಚಿಕೊಳ್ಳಬೇಕು. ಕೊರಳಿಗೆ ಮಾತ್ರ ಜಾರುವ ಕುಣಿಕೆ ಬೇಡ, ಉಸಿರು ಕಟ್ಟುತ್ತದೆ. ಮನೆಯವರೆಲ್ಲ ಒಮ್ಮೆ ಕಣ್ಣು ಮುಚ್ಚಿಕೊಂಡು ಬಿಚ್ಚಿ ನೋಡಲಿ. ನಗಬೇಡಿ, ಕರೆಂಟ್ ಹೋಗೋದು ಆಗಲೇ ಅಲ್ವಾ? ಬಾಗಿಲ ಪಕ್ಕ ಮೊಳೆಗೆ ಕುಡುಗೋಲು, ಟಾರ್ಚ್ ನೇತುಹಾಕಿ. ಬಣವೆಯನ್ನು ಕೊಟ್ಟಿಗೆಯಿಂದ ದೂರ ಒಟ್ಟಿ.

ಮೆರವಣಿಗೆಗೆ ಕುದುರೆ ಸಾಕಿದವರು ಇನ್ನೊಂದು ಮಾತು ನೆನಪಿಡಬೇಕು. ಬೆಂಕಿಯಿಂದ ಹೊರಗೆ ತಂದ ಕುದುರೆ ಮತ್ತೆ ಲಾಯಕ್ಕೇ ಓಡುವುದುಂಟು. ತಂದ ಕೂಡಲೇ ಬಾಗಿಲು ಹಾಕಿ. ಬರಲೊಲ್ಲದಿದ್ದರೆ ಕಣ್ಣಿಗೆ ಟವೆಲ್ ಕಟ್ಟಿ ನಡೆಸಿ. ಮುಖಕ್ಕೆ ನೈಲಾನ್ ಹಗ್ಗ ಬೇಡ, ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಹರಿಹರ, ಹೊನ್ನಾಳಿಯ ಹೊಳೆದಂಡೆಯವರು ದನ ಏರಿಸುವ ದಿಬ್ಬವನ್ನು ಮಳೆಗೆ ಮುಂಚೆಯೇ ಗೊತ್ತು ಮಾಡಿಕೊಳ್ಳಿ. ತುಂಗಭದ್ರೆ ಏರಿ ಹೊತ್ತಿಲ್ಲವೆಂದಾದರೆ ಬಿಚ್ಚಿಬಿಡಿ. ದನ ಈಜುತ್ತದೆ, ಕಟ್ಟಿದ ದನ ಮುಳುಗುತ್ತದೆ. ಗಂಟಲು ಬಾತು ಉಸಿರು ಕಟ್ಟುವ ಗಳಲೆ, ತೊಡೆ ಬಾತು ಕುಂಟುವ ಚಪ್ಪೆ ರೋಗದ ಲಸಿಕೆ, ಕುರಿಗಾದರೆ ಕರುಳುಬೇನೆಯದ್ದು, ಮಳೆಗಾಲಕ್ಕೆ ಮೊದಲೇ ಹಾಕಿಸಿ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಆಪತ್ತು ಅಂದರೆ ಬರ. ಅದು ಹೇಳಿಯೇ ಬರುತ್ತದೆ, ನಾವು ಲೆಕ್ಕ ಹಾಕುವುದಿಲ್ಲ ಅಷ್ಟೇ. ಒಂದು ಹಸುವಿಗೆ ದಿನಕ್ಕೆ ಸುಮಾರು 6 ಕೆ.ಜಿ. ಒಣಮೇವು ಬೇಕು. ಎರಡು ಹಸುವಿಗೆ ಮೂರು ತಿಂಗಳಿಗೆ ಒಂದು ಟನ್ ದಾಟಿತು. ನೀರು ತಲಾ 40-50 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಶೇಂಗಾ ಹೊಟ್ಟು, ಮೆಕ್ಕೆಜೋಳದ ಸಪ್ಪೆ ಸಿಕ್ಕಾಗಲೇ ಕೂಡಿಡಿ. ಬೂಸ್ಟು ಹಿಡಿದಿದ್ದನ್ನು ಹಾಕಬೇಡಿ.

ಹಸಿದ ದನವನ್ನು ಬಾಡಿದ ಎಳೆ ಜೋಳಕ್ಕೆ, ಕೊಯ್ದ ಮೇಲೆ ಒಡೆದ ಕೂಳೆ ಚಿಗುರಿಗೆ ಬಿಡಲೇಬೇಡಿ. ಅದರಲ್ಲಿ ಸೈನೈಡ್ ವಿಷ ಜಾಸ್ತಿ ಇರುತ್ತದೆ. ತಿಂದ ಕೆಲವೇ ನಿಮಿಷದಲ್ಲಿ ದನ ಏದುಸಿರು ಬಿಟ್ಟು ಬೀಳಬಹುದು. ಡಾಕ್ಟರು ಬರುವವರೆಗೂ ತಡೆಯುವುದು ಕಷ್ಟ.

ಇನ್ನು ಕಾಗದ. ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ ಕಾಣುವಂತೆ ಪ್ರತಿ ದನದ ಫೋಟೊ ಮೊಬೈಲಿನಲ್ಲಿರಲಿ. ವಿಕೋಪದಲ್ಲಿ ದನ ಸತ್ತರೆ, 2022ರಲ್ಲಿ ಪರಿಷ್ಕರಿಸಿದ ಸರ್ಕಾರಿ ಪರಿಹಾರದ ದರದಲ್ಲಿ ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ, ಎತ್ತು, ಕುದುರೆಗೆ 32,000, ಕುರಿ, ಮೇಕೆಗೆ 4,000. ಪಶುವೈದ್ಯರು ನೋಡುವ ಮುಂಚೆ ಸತ್ತ ದನವನ್ನು ಹೂಳಬೇಡಿ. ದುಃಖದಲ್ಲಿ ಅವಸರ ಮಾಡಿ ಪರಿಹಾರ ಕಳೆದುಕೊಂಡವರು ನಮ್ಮೂರಲ್ಲೇ ಇದ್ದಾರೆ.

ಪಶು ಸಹಾಯವಾಣಿ 1962. ಮೊಬೈಲು ಯಾವಾಗಲೂ ಯಾರದ್ದೋ ಜೇಬಿನಲ್ಲಿರುತ್ತದೆ. ಅದಕ್ಕೆ ನಾವು ಕೊಟ್ಟಿಗೆ ಬಾಗಿಲ ಮೇಲೇ ಸುಣ್ಣದಲ್ಲಿ ಬರೆದಿದ್ದೇವೆ, ಕುಡುಗೋಲಿನ ಮೊಳೆಯ ಪಕ್ಕ.